ಹಿನ್ನೀರಿನ ಕಾಡುಪ್ರಾಣಿಗಳನ್ನಿಟ್ಟು ಮಕ್ಕಳ ಆನಿಮೇಷನ್ ಸರಣಿ: ಮೂರು ಜನರ ತಂಡ ಎಲ್ಲಿಂದ ಶುರು ಮಾಡಬೇಕು?

ಸಂಕದಾಚೆ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ಐದರಿಂದ ಎಂಟು ವರ್ಷದ ಮಕ್ಕಳಿಗೆ ಒಂದು ಕಾರ್ಟೂನ್ ಸಾಹಸ ಸರಣಿ ಮಾಡಬೇಕು ಅಂತಿದ್ದೇವೆ. ಬೇರೆ ಭಾಷೆಯದ್ದನ್ನು ತಂದು ಡಬ್ ಮಾಡೋದಲ್ಲ, ಕನ್ನಡದಲ್ಲೇ ಹುಟ್ಟಿದ ಕಥೆ. ಜಾಗ: ಶರಾವತಿ ಹಿನ್ನೀರಿನ ಒಂದು ನಡುಗಡ್ಡೆ. ಪಾತ್ರಗಳು ನಾಲ್ಕು: ಕೆಂಜಳಿಲು, ಚಿಪ್ಪುಹಂದಿ, ಮಂಗಟ್ಟೆ, ನೀರುನಾಯಿ. ನಾಲ್ಕೂ ಗೆಳೆಯರು, ಪ್ರತಿ ಕಂತಿಗೂ ಒಂದು ಹುಡುಕಾಟ.

ತಂಡದಲ್ಲಿ ಮೂವರು. ಒಬ್ಬರು ಚಿತ್ರ ಚೆನ್ನಾಗಿ ಬರೀತಾರೆ, ಒಬ್ಬರಿಗೆ ಎಡಿಟಿಂಗ್ ಗೊತ್ತು, ಕಥೆ ಮತ್ತು ಮಾತು ನನ್ನ ಪಾಲಿಗೆ. 16 ಜಿಬಿ ರ‍್ಯಾಮ್ ಇರುವ ಎರಡು ಕಂಪ್ಯೂಟರ್, ಒಂದು ಪೆನ್ ಟ್ಯಾಬ್ಲೆಟ್ ಇವೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಹಾಗಿಲ್ಲ. ಟಿವಿಯವರ ಲೆಕ್ಕ ನೋಡಿ 11 ನಿಮಿಷದ 10 ಕಂತು ಅಂದುಕೊಂಡಿದ್ದೇವೆ. ಇದು ಆಗುವ ಮಾತಾ? ಯಾವ ಸಾಫ್ಟ್‌ವೇರ್ ಹಿಡಿಯೋದು? ಕನ್ನಡ ಮಾತಿಗೆ ತುಟಿ ಹೊಂದಿಸೋದು ಹೇಗೆ? ಪ್ರಾಣಿಗಳ ವಿಷಯದಲ್ಲಿ ಎಲ್ಲಿ ತಪ್ಪಾಗಬಹುದು ಅನ್ನೋದನ್ನೂ ಹೇಳಿ, ಇಲ್ಲಿನ ಮಕ್ಕಳು ಇವನ್ನೆಲ್ಲ ಕಣ್ಣಾರೆ ಕಂಡವರು.

ಕುಂಚಕೀಲು (ಶಿವಮೊಗ್ಗ):

ಮೊದಲು ಲೆಕ್ಕ ಹಾಕಿ, ಆಮೇಲೆ ಸಾಫ್ಟ್‌ವೇರ್ ಮಾತು. ಸೆಕೆಂಡಿಗೆ 24 ಫ್ರೇಮ್. 11 ನಿಮಿಷ ಅಂದರೆ 660 ಸೆಕೆಂಡ್, 15,840 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ 7,920 ಚಿತ್ರ. ಅದನ್ನು ಕೈಯಲ್ಲಿ ಬರೆಯೋದು ಮೂರು ಜನರಿಂದ ಸಾಧ್ಯವಿಲ್ಲ. ಹಾಗಾಗಿ ಕಟ್‌ಔಟ್ ವಿಧಾನವೇ ಗತಿ: ಪಾತ್ರವನ್ನು ತುಂಡು ತುಂಡಾಗಿ ಒಮ್ಮೆ ಬರೆದು, ಕೀಲು ಕೊಟ್ಟು, ಆಡಿಸೋದು. ಕೈ ಪಳಗಿದವರು ಕಟ್‌ಔಟ್‌ನಲ್ಲಿ ದಿನಕ್ಕೆ ಸುಮಾರು ಹತ್ತು ಸೆಕೆಂಡ್ ಮುಗಿಸುತ್ತಾರೆ ಅಂತಿಟ್ಟುಕೊಳ್ಳಿ. ಆಗಲೂ 11 ನಿಮಿಷಕ್ಕೆ 66 ದಿನ, ಅದೂ ಬರೀ ಆನಿಮೇಷನ್. ಹತ್ತು ಕಂತಿಗೆ ಎರಡು ವರ್ಷ ಸಾಲದು. ನಾಲ್ಕು ನಿಮಿಷಕ್ಕೆ ಇಳಿಸಿ. 240 ಸೆಕೆಂಡ್, 24 ದಿನದ ಕೆಲಸ. ಯೂಟ್ಯೂಬಿಗೆ 11 ನಿಮಿಷವೇ ಬೇಕು ಅನ್ನೋ ನಿಯಮ ಇಲ್ಲ, ಅದು ಟಿವಿಯ ಅರ್ಧ ಗಂಟೆಯನ್ನು ಎರಡು ಮಾಡಲು ಹುಟ್ಟಿದ ಅಳತೆ.

ನಾಲ್ಕು ನಿಮಿಷ ಅಂದರೆ ನಾಲ್ಕು ಪುಟದ ಚಿತ್ರಕಥೆ. ಶಾಟ್ ಒಂದಕ್ಕೆ ಸರಾಸರಿ ನಾಲ್ಕು ಸೆಕೆಂಡ್ ಹಿಡಿದರೆ ಸುಮಾರು 60 ಶಾಟ್. 60 ಶಾಟಿಗೆ 60 ಹಿನ್ನೆಲೆ ಬರೆಯಲು ಹೋಗಬೇಡಿ. ಹನ್ನೆರಡು ಹಿನ್ನೆಲೆಯನ್ನು ಅಗಲವಾಗಿ, 4000 ಪಿಕ್ಸೆಲ್‌ಗೆ ಬರೆದುಕೊಂಡರೆ ಅದರ ಎಡ, ಬಲ, ಹತ್ತಿರ ಅಂತ ಐದೈದು ಶಾಟ್ ತೆಗೆಯಬಹುದು. ಸಂಕ, ಹಳ್ಳ, ಪೊಟರೆ ಇರುವ ಮರ, ಬಿಲ ಇಂಥವು ಪ್ರತಿ ಕಂತಿಗೂ ಬರುವ ಜಾಗ. ಅವನ್ನು ಹಗಲು, ಸಂಜೆ, ಮಳೆ ಅಂತ ಮೂರು ಬಣ್ಣದಲ್ಲಿ ಮಾಡಿಟ್ಟುಕೊಳ್ಳಿ. ಮೂರನೇ ಕಂತಿಂದ ಕೆಲಸ ಅರ್ಧಕ್ಕೆ ಇಳಿಯೋದು ಈ ಗಂಟಿನಿಂದಲೇ.

ಕೆಲಸದ ಸರದಿ ತಪ್ಪಿಸಬೇಡಿ. ಚಿತ್ರಕಥೆ ಆದ ಕೂಡಲೇ ನೀವೇ ಮೊಬೈಲಲ್ಲಿ ಎಲ್ಲರ ಮಾತನ್ನೂ ಓದಿ ರೆಕಾರ್ಡ್ ಮಾಡಿ. ಅದರ ಮೇಲೆ ಸ್ಟೋರಿಬೋರ್ಡಿನ ಒರಟು ಚಿತ್ರಗಳನ್ನು ಸಮಯಕ್ಕೆ ಸರಿಯಾಗಿ ಜೋಡಿಸಿದರೆ ಆನಿಮ್ಯಾಟಿಕ್ ಆಯ್ತು. ಅದನ್ನು ನಾಲ್ಕೈದು ಮಕ್ಕಳಿಗೆ ತೋರಿಸಿ, ಪರದೆ ನೋಡಬೇಡಿ, ಮಕ್ಕಳ ಮುಖ ನೋಡಿ. ಯಾವ ಸೆಕೆಂಡಿನಲ್ಲಿ ಕಣ್ಣು ಆಚೆ ಹೋಯ್ತೋ ಬರೆದುಕೊಳ್ಳಿ. ಕತ್ತರಿಸುವುದೆಲ್ಲ ಈ ಹಂತದಲ್ಲೇ. ಆನಿಮೇಷನ್ ಆದಮೇಲೆ ಹತ್ತು ಸೆಕೆಂಡ್ ತೆಗೆದರೆ ಒಂದು ದಿನದ ದುಡಿಮೆ ನೀರಿಗೆ ಹೋದ ಹಾಗೆ.

ಸಾಫ್ಟ್‌ವೇರ್: ಚಿತ್ರಕ್ಕೆ ಕ್ರಿತಾ, ಕೀಲು ಮತ್ತು ಕ್ಯಾಮೆರಾಕ್ಕೆ ಬ್ಲೆಂಡರ್. ಓಪನ್‌ಟೂನ್ಜ್ ಕೂಡ 2016ರಿಂದ ಉಚಿತ, ಕೈಯಲ್ಲೇ ಬರೆಯುವ ಆನಿಮೇಷನ್‌ಗೆ ಅದು ಬಲು ಚೆನ್ನ. ಆದರೆ ನಿಮಗೆ ಹಿನ್ನೆಲೆಯ ಪದರಗಳ ನಡುವೆ ಕ್ಯಾಮೆರಾ ಸಾಗಬೇಕು, ಮಳೆ ಬೇಕು, ಎಡಿಟಿಂಗೂ ಬೇಕು. ಇವೆಲ್ಲ ಬ್ಲೆಂಡರಿನಲ್ಲಿ ಒಂದೇ ಕಡೆ ಸಿಗುತ್ತವೆ. ಒಂದು ಎಲ್‌ಟಿಎಸ್ (ಹೆಚ್ಚು ಕಾಲ ದೋಷ ತಿದ್ದುತ್ತಾ ಬರುವ) ಆವೃತ್ತಿ ಹಿಡಿದು, ಸರಣಿ ಮುಗಿಯುವ ತನಕ ಬದಲಿಸಬೇಡಿ. ಬ್ಲೆಂಡರ್ 4.3ರಲ್ಲಿ ಗ್ರೀಸ್ ಪೆನ್ಸಿಲ್ (ಅದರೊಳಗೆ 2ಡಿ ಚಿತ್ರ ಬರೆಯುವ ಸಾಧನ) ಅನ್ನೇ ಒಳಗಿಂದ ಹೊಸದಾಗಿ ಕಟ್ಟಿದರು, ಹಳೆಯ ಆಡ್‌ಆನ್‌ಗಳು ಅಲ್ಲಿ ಕೈಕೊಡುತ್ತವೆ.

ಹೊಸಬರು ಸಿಕ್ಕಿಬೀಳುವ ಮೂರು ಜಾಗ ಹೇಳುತ್ತೇನೆ. ಕ್ರಿತಾದಲ್ಲಿ ಬರೆದ ಹಸಿರು ಬ್ಲೆಂಡರಿಗೆ ಬಂದ ಕೂಡಲೇ ಮಂಕಾಗಿ, ಬೂದು ಬಳಿದ ಹಾಗೆ ಕಾಣುತ್ತದೆ. ಕಾರಣ, ಅಲ್ಲಿ ವ್ಯೂ ಟ್ರಾನ್ಸ್‌ಫಾರ್ಮ್ (ಬಣ್ಣ ಪರದೆಗೆ ಹೇಗೆ ಬರಬೇಕು ಅನ್ನೋ ಸೆಟ್ಟಿಂಗ್) ಮೊದಲೇ ಎಜಿಎಕ್ಸ್ (AgX) ಅಂತ ಇರುತ್ತದೆ. ಅದನ್ನು ಸ್ಟ್ಯಾಂಡರ್ಡ್ ಮಾಡಿದರೆ ಬಣ್ಣ ಬರೆದಂತೆಯೇ ಬರುತ್ತದೆ. ಎರಡನೆಯದು, ತೋಳು ಮತ್ತು ಎದೆಯ ಚಿತ್ರ ಒಂದೇ ಆಳದಲ್ಲಿದ್ದರೆ ಯಾವುದು ಮುಂದೆ ಅಂತ ತಿಳಿಯದೆ ಫ್ರೇಮಿನಿಂದ ಫ್ರೇಮಿಗೆ ಮಿನುಗುತ್ತವೆ. ಪ್ರತಿ ತುಂಡನ್ನೂ ಕೂದಲೆಳೆಯಷ್ಟು ಮುಂದೆ ಹಿಂದೆ ಇಡಿ. ಮೂರನೆಯದು ನಮ್ಮ ಊರುಗಳ ಕರೆಂಟು. ರೆಂಡರ್ ಅನ್ನು (ಮುಗಿದ ದೃಶ್ಯವನ್ನು ಕಂಪ್ಯೂಟರ್ ಒಂದೊಂದೇ ಫ್ರೇಮಾಗಿ ತೆಗೆಯೋದನ್ನು) ನೇರ ವಿಡಿಯೋ ಫೈಲಿಗೆ ಕೊಡಬೇಡಿ, ನಡುವೆ ಕರೆಂಟು ಹೋದರೆ ಇಡೀ ಫೈಲ್ ಕೆಡುತ್ತದೆ. ಪಿಎನ್‌ಜಿ ಫ್ರೇಮುಗಳಾಗಿ ತೆಗೆಯಿರಿ. 812ನೇ ಫ್ರೇಮಿನಲ್ಲಿ ನಿಂತರೆ ಅಲ್ಲಿಂದಲೇ ಮುಂದುವರಿಸಬಹುದು.

ಪಾತ್ರವನ್ನು ಕನಿಷ್ಠ 2000 ಪಿಕ್ಸೆಲ್ ಎತ್ತರಕ್ಕೆ ಬರೆಯಿರಿ, ಇಲ್ಲದಿದ್ದರೆ ಮುಖ ಹತ್ತಿರ ತೋರಿಸುವಾಗ ಅಂಚು ಒಡೆಯುತ್ತದೆ. ಕೀಲಿನ ಜಾಗದಲ್ಲಿ ಎರಡೂ ತುಂಡಿನ ತುದಿ ಒಂದೇ ಅಳತೆಯ ವೃತ್ತವಾಗಿರಲಿ, ಕೀಲು ಆ ವೃತ್ತದ ನಟ್ಟನಡುವೆ ಬರಲಿ. ಮೊಣಕೈ ಮಡಚಿದಾಗ ಬಿರುಕು ಬಿಡೋದು, ಕಪ್ಪು ಗೆರೆ ಒಳಗೆ ತೂರಿಕೊಂಡು ಬರೋದು ಎರಡೂ ಇದನ್ನು ಬಿಟ್ಟಾಗಲೇ.

ಕಾನಂಚು (ಆಗುಂಬೆ ಹತ್ತಿರ):

ಪಾತ್ರಗಳ ಆಯ್ಕೆ ಬಹಳ ಒಳ್ಳೆಯದಾಗಿದೆ ಮಾರಾಯ್ರೆ. ಒಂದು ಮರದ ನೆತ್ತಿಯದು, ಒಂದು ನೆಲದ್ದು, ಒಂದು ಆಕಾಶದ್ದು, ಒಂದು ನೀರಿನದು. ಆದರೆ "ನಾಲ್ಕೂ ಗೆಳೆಯರು" ಅಂತ ಒಂದೇ ಕಡೆ ಕೂರಿಸಿದರೆ ಕಥೆಯ ಸತ್ವ ಹೋಯ್ತು. ಇವುಗಳ ಮೈಕಟ್ಟು ಮತ್ತು ದಿನಚರಿಯೇ ನಿಮ್ಮ ಸಾಹಸಕ್ಕೆ ಬಂಡವಾಳ, ಖಳನಾಯಕ ಬೇಕಾಗೇ ಇಲ್ಲ.

ನೋಡಿ, ಕೆಂಜಳಿಲು ಹಗಲು ಓಡಾಡುವ ಪ್ರಾಣಿ. ಚಿಪ್ಪುಹಂದಿ ಹಗಲಿಡೀ ಬಿಲದಲ್ಲಿ ಮಲಗಿ ಕತ್ತಲಾದ ಮೇಲೆ ಹೊರಡುತ್ತದೆ. ಅಂದಮೇಲೆ ಇವೆರಡಕ್ಕೆ ಭೇಟಿ ಸಾಧ್ಯವಾಗೋದು ಮುಸ್ಸಂಜೆಯ ಸ್ವಲ್ಪ ಹೊತ್ತು, ಬೆಳಗಿನ ಜಾವ ಸ್ವಲ್ಪ ಹೊತ್ತು. ಹಗಲು ಕಂಡದ್ದನ್ನು ಅಳಿಲು ಸಂಜೆ ಒಪ್ಪಿಸಬೇಕು, ರಾತ್ರಿ ಮೂಸಿದ್ದನ್ನು ಚಿಪ್ಪುಹಂದಿ ಬೆಳಗ್ಗೆ ಒಪ್ಪಿಸಬೇಕು. ಒಂದು ದಿನ ತಡವಾದರೆ ಸುದ್ದಿ ಮುಟ್ಟಲಿಲ್ಲ. ಮಕ್ಕಳಿಗೆ ತಾನಾಗೇ ತವಕ ಹುಟ್ಟುತ್ತದೆ.

ಕೆಂಜಳಿಲು ಕೊಂಬೆಯಿಂದ ಕೊಂಬೆಗೆ ಇಪ್ಪತ್ತು ಅಡಿಯವರೆಗೂ ನೆಗೆಯುತ್ತದೆ, ನೆಲಕ್ಕೆ ಇಳಿಯೋದು ತೀರಾ ಅಪರೂಪ. ಅದಕ್ಕೆ ದೊಡ್ಡ ಅಪಾಯ ಅಂದರೆ ಮರದ ನೆತ್ತಿ ಕಡಿದುಹೋದ ಜಾಗ: ಒಂದು ರಸ್ತೆ, ಒಂದು ಕರೆಂಟು ಲೈನು, ಬಿದ್ದ ಮರದಿಂದಾದ ಬಯಲು. ಅಲ್ಲಿ ಅದು ನೆಲಕ್ಕೆ ಕಾಲಿಡಬೇಕಾಗಿ ಬಂದ ಕ್ಷಣವೇ ಒಂದು ಕಂತು. ಬಾಲ ಮೈಗಿಂತ ಉದ್ದ ಅನ್ನೋದು ಚಿತ್ರದಲ್ಲಿ ತಪ್ಪಬಾರದು. ಬೆನ್ನು ಕೆಂಗಂದು, ಹೊಟ್ಟೆ ಕೆನೆಬಣ್ಣ. ಮೂರು ಗೆರೆ ಹಾಕಿ ಅಂಗಳದ ಅಳಿಲು ಮಾಡಿಬಿಟ್ಟರೆ ಇಲ್ಲಿನ ಮಕ್ಕಳು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ಚಿಪ್ಪುಹಂದಿಗೆ ಹಲ್ಲಿಲ್ಲ. ನಗಿಸುವಾಗ ಹಲ್ಲು ಬರೆಯಬೇಡಿ. ಇರುವೆ, ಗೆದ್ದಲು ಅದರ ಊಟ, ಉದ್ದ ನಾಲಗೆಯೇ ಕೈ. ಕಣ್ಣು ಮಂದ, ಮೂಗು ಚುರುಕು, ಹಾಗಾಗಿ ಹುಡುಕಾಟದಲ್ಲಿ ವಾಸನೆ ಹಿಡಿಯುವ ಪಾಲು ಅದರದ್ದು. ಮುಂಗಾಲಿನ ಉಗುರು ಒಳಕ್ಕೆ ಮಡಚಿಕೊಂಡು ನಡೆಯುತ್ತದೆ. ಹೆದರಿದರೆ ಉಂಡೆಯಾಗುತ್ತದೆ. ಮರಿಯನ್ನು ತಾಯಿ ಬಾಲದ ಬುಡದ ಮೇಲೆ ಕೂರಿಸಿಕೊಂಡು ಹೋಗುತ್ತದೆ, ಆ ಒಂದು ಚಿತ್ರ ಸಾಕು ಮಕ್ಕಳ ಮನಸ್ಸಲ್ಲಿ ಉಳಿಯಲು. ಇನ್ನೊಂದು ಮಾತು, ಮನುಷ್ಯರ ಮನೆಯಲ್ಲಿ ಅದನ್ನು ಸಾಕಿದ ಹಾಗೆ ಯಾವತ್ತೂ ತೋರಿಸಬೇಡಿ. ಚಿಪ್ಪಿಗಾಗಿ ಕಳ್ಳಸಾಗಣೆಯಾಗುವ ಪ್ರಾಣಿ ಅದು.

ಮಂಗಟ್ಟೆ ಅಂದರೆ ಯಾವ ಮಂಗಟ್ಟೆ? ನೆತ್ತಿ ಮೇಲೆ ದೊಡ್ಡ ಹಳದಿ ಶಿರಸ್ತ್ರಾಣ ಇರೋದು ದೊಡ್ಡ ಮಂಗಟ್ಟೆ. ನಮ್ಮ ಕಾನುಗಳಲ್ಲಿ ಹೆಚ್ಚು ಕಾಣೋದು ಮಲೆ ಬೂದು ಮಂಗಟ್ಟೆ, ಅದಕ್ಕೆ ಆ ಶಿರಸ್ತ್ರಾಣ ಇಲ್ಲ, ಕೂಗು ಗಹಗಹಿಸಿ ನಕ್ಕ ಹಾಗೆ. ನನ್ನನ್ನು ಕೇಳಿದರೆ ಬೂದಿನದ್ದೇ ಇರಲಿ, ಆ ನಗುವೇ ಒಂದು ಪಾತ್ರ. ಬೇಸಿಗೆಯಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಒಂದು ಸೀಳು ಮಾತ್ರ ಬಿಟ್ಟು ಮುಚ್ಚಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಆಲ, ಅತ್ತಿ, ರಾಂಪತ್ರೆ ಹಣ್ಣು ನುಂಗಿ ಬೀಜವನ್ನು ದೂರ ಬಿಸಾಕುವ ಹಕ್ಕಿ, ಅದನ್ನೂ ಕಥೆಗೆ ಸೇರಿಸಬಹುದು.

ನೀರುನಾಯಿ ಒಂಟಿಯಾಗಿ ಇರೋದಲ್ಲ, ಗುಂಪು. ಒಂಟಿ ಯಾಕಾಯ್ತು ಅನ್ನೋದೇ ನಿಮ್ಮ ಮೊದಲ ಕಂತಾಗಲಿ.

ಇನ್ನು ಜಾಗ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ, ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಆ ನಡುಗಡ್ಡೆಗಳೆಲ್ಲ ಮುಳುಗದೆ ಉಳಿದ ಗುಡ್ಡದ ನೆತ್ತಿಗಳು. ಮೇ ಹೊತ್ತಿಗೆ ನೀರು ಇಳಿದಾಗ ಕೆಂಪು ಮಣ್ಣಿನ ದಂಡೆ, ಒಣಗಿದ ಮರದ ಬೊಡ್ಡೆ, ಹಳೇ ದಾರಿ ಎದ್ದು ಬರುತ್ತವೆ, ಕೆಲವು ನಡುಗಡ್ಡೆಗೆ ನಡೆದೇ ಹೋಗಬಹುದು. ಮುಂಗಾರು ಹಿಡಿದರೆ ಮತ್ತೆ ನೀರು. ಸರಣಿಗೆ ಇದಕ್ಕಿಂತ ಒಳ್ಳೆ ಗಡಿಯಾರ ಬೇಕಾ? ಮೊದಲ ಕಂತು ಮೇ ತಿಂಗಳಲ್ಲಿ ನೆಲ ಕೂಡಿದಾಗ ಶುರುವಾಗಲಿ, ಪ್ರತಿ ಕಂತಿಗೂ ನೀರು ಒಂದೊಂದು ಅಡಿ ಏರುತ್ತಾ ಬರಲಿ.

ಮುಂದೆ ಮಂಗ, ಮುಸಿಯ ಅತಿಥಿ ಪಾತ್ರವಾಗಿ ಬಂದರೆ ಒಂದು ಎಚ್ಚರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಮಂಗನ ಕಾಯಿಲೆ ಇನ್ನೂ ನಮ್ಮಲ್ಲಿ ಇದೆ, ಹರಡೋದು ಉಣುಗಿನಿಂದ. ಬಿದ್ದ ಮಂಗವನ್ನು ಮಗು ಮುಟ್ಟಿ ಎಬ್ಬಿಸುವಂಥ ದೃಶ್ಯ ಬೇಡ.

ಮಾತಿನಜಗಲಿ (ಸಾಗರ):

ತುಟಿಯ ವಿಷಯ ನಾನು ಹೇಳುತ್ತೇನೆ. ರುಬಾರ್ಬ್ ಲಿಪ್ ಸಿಂಕ್ ಅಂತ ಉಚಿತ ಸಾಧನವಿದೆ. ಡಬ್ಲ್ಯುಎವಿ ಫೈಲ್ ಕೊಟ್ಟರೆ ಯಾವ ಹೊತ್ತಿಗೆ ಯಾವ ಬಾಯಿ ಅಂತ ಪಟ್ಟಿ ಕೊಡುತ್ತದೆ. ಅದು ಮೊದಲೇ ಇಟ್ಟುಕೊಂಡಿರುವ ಗುರುತಿಸುವ ವಿಧಾನ ಇಂಗ್ಲಿಷಿನದು, ಕನ್ನಡಕ್ಕೆ ಫೋನೆಟಿಕ್ ಅನ್ನೋದನ್ನು ಆರಿಸಬೇಕು. ಅದನ್ನು ಮರೆತರೆ ಬಾಯಿ ಬಡಬಡ ಅನ್ನುತ್ತದೆ, ಮಾತಿಗೂ ಅದಕ್ಕೂ ಸಂಬಂಧ ಇರೋದಿಲ್ಲ.

ಬಾಯಿಯ ಚಿತ್ರ ಏಳು ಸಾಕು. ಪ, ಬ, ಮ ಅಕ್ಷರಗಳಿಗೆ ಮುಚ್ಚಿದ ತುಟಿ. ಕ, ತ, ನ, ಸ ಮತ್ತು ಇ, ಈಗೆ ಸ್ವಲ್ಪ ತೆರೆದು ಹಲ್ಲು ಕಾಣುವ ಬಾಯಿ. ಎ, ಏಗೆ ಇನ್ನಷ್ಟು ತೆರೆದದ್ದು. ಅ, ಆಗೆ ಪೂರ್ತಿ. ಒ, ಓಗೆ ದುಂಡು. ಉ, ಊಗೆ ಮುಂಚಾಚಿದ ತುಟಿ. ವ, ಫಗೆ ಕೆಳತುಟಿ ಹಲ್ಲಿಗೆ ತಾಗಿದ್ದು. ಸಾಧನ ಕೊಟ್ಟದ್ದನ್ನು ಹಾಗೇ ಇಡದೆ ಎರಡು ಕಡೆ ಕೈಯಾಡಿಸಿ. ನಮ್ಮ ಮಾತಿನಲ್ಲಿ ಪದಗಳೆಲ್ಲ ಹೆಚ್ಚುಕಡಿಮೆ ಸ್ವರದಲ್ಲೇ ಮುಗಿಯುತ್ತವೆ: ಬಂದೆ, ಹೋಗೋಣ, ಎಲ್ಲಿದೀಯೋ. ಕೊನೆಯಲ್ಲಿ ಬಾಯಿ ಟಪ್ ಅಂತ ಮುಚ್ಚಿದರೆ ಡಬ್ಬಿಂಗ್ ಚಿತ್ರದ ಹಾಗೆ ಕಾಣುತ್ತದೆ. ಮೂರು ನಾಲ್ಕು ಫ್ರೇಮಿನಲ್ಲಿ ನಿಧಾನ ಸಡಿಲಾಗಲಿ. ಇನ್ನೊಂದು ಒತ್ತಕ್ಷರ. "ಅಮ್ಮಾ", "ಅಪ್ಪಾ", "ಹಬ್ಬ" ಅನ್ನುವಾಗ ತುಟಿ ಮುಚ್ಚಿ ನಿಲ್ಲುತ್ತದೆ. ಅಲ್ಲಿ ಮೂರು ನಾಲ್ಕು ಫ್ರೇಮ್ ಮುಚ್ಚಿಯೇ ಇಡಿ. ಒತ್ತಿಲ್ಲದ ಮ, ಪಗಳಿಗೂ ಎರಡು ಫ್ರೇಮ್ ಬೇಕೇ ಬೇಕು, ಒಂದೇ ಇಟ್ಟರೆ ಕಣ್ಣಿಗೆ ಸಿಗೋದಿಲ್ಲ. ಬಾಯಿ ಯಾವಾಗಲೂ ದನಿಗಿಂತ ಒಂದೆರಡು ಫ್ರೇಮ್ ಮುಂದಿರಲಿ.

ಈ ಎಲ್ಲ ಕಷ್ಟ ಅಳಿಲು ಮತ್ತು ನೀರುನಾಯಿಗೆ ಮಾತ್ರ. ಮಂಗಟ್ಟೆಗೆ ಕೊಕ್ಕು ಮುಚ್ಚಿದ್ದು, ಅರ್ಧ, ಪೂರ್ತಿ ಅಂತ ಮೂರೇ ಸ್ಥಿತಿ. ಅಕ್ಷರ ನೋಡದೆ ಮಾತಿನ ಏಟಿಗೆ ತಕ್ಕಂತೆ ಆಡಿಸಿ. ಚಿಪ್ಪುಹಂದಿಯದು ಪುಟ್ಟ ಬಾಯಿ. ಅದನ್ನು ಮಿತಭಾಷಿ ಮಾಡಿಬಿಡಿ, ಕೆಲಸವೂ ಉಳಿಯುತ್ತದೆ, ಸ್ವಭಾವಕ್ಕೂ ಒಪ್ಪುತ್ತದೆ.

ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಮೈಕು ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆಗೆ, ಇಲ್ಲದಿದ್ದರೆ ಪ, ಭಗಳ ಗಾಳಿ ಗುದ್ದುತ್ತದೆ. ಗೋಡೆಗೆ ಕಂಬಳಿ, ಕೌದಿ ಇಳಿಬಿಟ್ಟ ಸಣ್ಣ ಕೋಣೆ ಸಾಕು. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಆಗುವ ಕೆಲಸವಲ್ಲ ಇದು. ಎಲ್ಲ ಕಂತಿನ ಮಾತನ್ನೂ ಫೆಬ್ರವರಿಯೊಳಗೆ ಮುಗಿಸಿಕೊಳ್ಳಿ. ಜೀರುಂಡೆ ಹತ್ತಿದ ಮೇಲೆ ಮಾಡಿ, ಆಮೇಲೆ ಸಾಫ್ಟ್‌ವೇರಿನಲ್ಲಿ ಅಳಿಸುತ್ತೇವೆ ಅಂದರೆ ಆಗೋದಿಲ್ಲ. ಅದರ ದನಿಯೂ ನಮ್ಮ ಸ, ಶಗಳೂ ಇರೋದು ಒಂದೇ ಎತ್ತರದ ಪಟ್ಟಿಯಲ್ಲಿ, ಅದನ್ನು ಅಳಿಸಿದರೆ ಇವೂ ಹೋಗಿ ಮಾತು ತೊದಲಿದ ಹಾಗಾಗುತ್ತದೆ. ಮೈಕನ್ನು ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜುಲೈ ತೇವಕ್ಕೆ ಕಂಡೆನ್ಸರ್ ಮೈಕು ಚಟಪಟ ಅನ್ನಲು ಶುರು ಮಾಡುತ್ತದೆ.

ಮಕ್ಕಳ ದನಿ ಬೇಕಿದ್ದರೆ ಮಕ್ಕಳಿಂದಲೇ ಹೇಳಿಸಿ. ಒಂದು ಸಲಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಕಾಗದ ಕೊಟ್ಟು ಓದಿಸಿದರೆ ಪಾಠ ಒಪ್ಪಿಸಿದಂತೆ ಬರುತ್ತದೆ. ಸಾಲು ಸಾಲಾಗಿ ಸಂದರ್ಭ ಹೇಳಿ, ಅವರ ಬಾಯಿಗೆ ಬಂದ ಹಾಗೆ ಹೇಳಲಿ. "ಎಂತಾ ಆಯ್ತು?" ಅಂತ ಮಗು ಅಂದರೆ ಅದನ್ನು "ಏನಾಯಿತು?" ಅಂತ ತಿದ್ದಬೇಡಿ.

ಸಂಕದಾಚೆ (ತೀರ್ಥಹಳ್ಳಿ):

ಎಲ್ಲರಿಗೂ ತುಂಬಾ ಧನ್ಯವಾದ. ನಾಲ್ಕು ನಿಮಿಷ, ಆರು ಕಂತು ಅಂತ ಇಳಿಸಿದ್ದೇವೆ. ನೀರು ಏರುವ ಲೆಕ್ಕದಲ್ಲೇ ಕಥೆ ಕಟ್ಟುತ್ತೇವೆ. ಎರಡು ಕಡೆ ಇನ್ನೂ ಸಿಕ್ಕಿದೆ. ಅಳಿಲಿನ ಬಾಲಕ್ಕೆ ಆರು ತುಂಡು ಕೊಟ್ಟು ಕೀಲು ಹಾಕಿದರೂ ಕೋಲು ಮುರಿದ ಹಾಗೆ ಕಾಣುತ್ತಿದೆ. ಮತ್ತೆ ಮಳೆ: ಬಿಳಿ ಗೆರೆ ಇಳಿಸಿದರೆ ಗಾಜಿನ ಮೇಲೆ ಗೀಚಿದಂತಿದೆ, ಕಾಡೊಳಗೆ ಸುರಿಯುವ ಮಳೆ ಅನ್ನಿಸುವುದಿಲ್ಲ. ಚಿಪ್ಪುಹಂದಿ ಉಂಡೆಯಾಗೋದನ್ನೂ ಕೀಲಿನಲ್ಲೇ ಮಾಡಬೇಕಾ?

ಕುಂಚಕೀಲು (ಶಿವಮೊಗ್ಗ):

ಉಂಡೆಯಿಂದ ಶುರು ಮಾಡೋಣ, ಅದು ಸುಲಭ. ಕೀಲಿನಲ್ಲಿ ಮಾಡಬೇಡಿ, ಚಿಪ್ಪುಗಳು ಒಂದರ ಮೇಲೊಂದು ಹತ್ತಿ ಗೋಜಲಾಗುತ್ತದೆ. ನಡೆಯುವ ಗೊಂಬೆಯನ್ನು ಮರೆಮಾಡಿ, ಕೈಯಲ್ಲಿ ಬರೆದ ನಾಲ್ಕು ಚಿತ್ರ ಇಡಿ: ತಲೆ ತಗ್ಗಿದ್ದು, ಬೆನ್ನು ಬಾಗಿದ್ದು, ಬಾಲ ಮುಖದ ಮೇಲೆ ಬಂದದ್ದು, ಪೂರ್ತಿ ಉಂಡೆ. ತಲಾ ಎರಡು ಫ್ರೇಮ್. ಉಂಡೆಯಾದ ಮೇಲೆ ಒಂದು ಸಲ ಉಸಿರಿಗೆ ಚೂರು ಉಬ್ಬಿ ಇಳಿಯಲಿ, ಒಳಗೆ ಜೀವ ಇದೆ ಅಂತ ಗೊತ್ತಾಗುತ್ತದೆ. ಈ ನಾಲ್ಕು ಚಿತ್ರ ಸರಣಿಯುದ್ದಕ್ಕೂ ಬಳಕೆಗೆ ಬರುತ್ತವೆ.

ಬಾಲದ ತೊಂದರೆ ತುಂಡುಗಳಲ್ಲಿ ಇಲ್ಲ, ಆರೂ ತುಂಡು ಒಟ್ಟಿಗೆ ತಿರುಗುತ್ತಿರಬೇಕು, ಅದಕ್ಕೇ ಹಾಗೆ. ಬುಡದ ತುಂಡು ತಿರುಗಿದ ಎರಡು ಫ್ರೇಮಿನ ನಂತರ ಎರಡನೆಯದು, ಅದಾದ ಎರಡಕ್ಕೆ ಮೂರನೆಯದು ಹೊರಡಬೇಕು. ಹಾಗೆ ತುದಿ ಹೊರಡುವಾಗ ಹತ್ತು ಫ್ರೇಮ್ ತಡ. ಮೈ ನಿಂತ ಮೇಲೂ ತುದಿ ಒಂದು ಸಲ ಆಚೆ ಹೋಗಿ ವಾಪಸ್ ಬರಲಿ. ಬ್ಲೆಂಡರಿನಲ್ಲಿ ಮೊದಲ ತುಂಡಿನ ಕೀಗಳನ್ನು (ಯಾವ ಫ್ರೇಮಿನಲ್ಲಿ ಎಷ್ಟು ತಿರುಗಬೇಕು ಅನ್ನೋ ಗುರುತುಗಳನ್ನು) ನಕಲು ಮಾಡಿ, ಎರಡೆರಡು ಫ್ರೇಮ್ ಸರಿಸಿದರೆ ಐದು ನಿಮಿಷದ ಕೆಲಸ. ಇದಾದ ಮೇಲೂ ಅಂಚು ಮುರಿದರೆ ತುಂಡು ಬಿಟ್ಟು ಇಡೀ ಬಾಲವನ್ನು ಒಂದೇ ಚಿತ್ರವಾಗಿ ತೆಗೆದುಕೊಂಡು ಒಳಗೆ ಮೆಶ್ (ಬಾಗಬಲ್ಲ ಬಲೆ) ಹಾಕಿ, ಆರು ತುಂಡನ್ನು ಆಡಿಸುತ್ತಿದ್ದ ಅದೇ ಆರು ಮೂಳೆಗೆ ಕಟ್ಟಿ. ನೆಗೆಯುವಾಗ ಬಾಲ ಹಿಂದೆ ನೇರ ಚಾಚಲಿ, ಇಳಿದ ಮೇಲೆ ಬೆನ್ನ ಮೇಲೆ ಬೀಳಲಿ. ನೆಗೆಯುವ ಮುನ್ನ ಮೈ ಕುಗ್ಗುವುದಕ್ಕೆ ಆರು ಫ್ರೇಮ್ ಕೊಡಿ. ಆ ಕುಗ್ಗು ಇಲ್ಲದಿದ್ದರೆ ದಾರ ಕಟ್ಟಿ ಎಳೆದ ಹಾಗೆ.

ಮಳೆಗೆ ಮೂರು ಪದರ. ಹತ್ತಿರದ ಪದರದಲ್ಲಿ ಕೆಲವೇ ಉದ್ದ ಗೆರೆ, ಆರು ಫ್ರೇಮಿನಲ್ಲಿ ಪರದೆ ದಾಟಲಿ. ನಡುವಿನದು ಪಾತ್ರದ ಹಿಂದೆ ಇರಲಿ, ಗೆರೆ ಸಣ್ಣ, ವೇಗ ಅದರ ಅರ್ಧ. ದೂರದ್ದಕ್ಕೆ ಗೆರೆಯೇ ಬೇಡ, ಬೂದು ಮುಸುಕು ಸಾಕು. ಮೂರಕ್ಕೂ ಓರೆ ಒಂದೇ ಇರಲಿ. ಗೆರೆಗೆ ಬಿಳಿ ಬೇಡ, ಹಿನ್ನೆಲೆಯ ಹಸಿರನ್ನೇ ಸ್ವಲ್ಪ ತಿಳಿ ಮಾಡಿ 30 ಶೇಕಡಾ ದಟ್ಟಣೆಯಲ್ಲಿ ಇಡಿ. ಆದರೆ ಮಳೆ ಅನ್ನಿಸೋದು ಬೀಳುವ ಗೆರೆಯಿಂದಲ್ಲ, ಬಿದ್ದ ಜಾಗದಿಂದ. ಎಲೆ ಹನಿಯ ಭಾರಕ್ಕೆ ತಗ್ಗಿ ಮೇಲೇಳಬೇಕು, ಕಾಂಡ ಕಪ್ಪಾಗಬೇಕು, ಮುರಕಲ್ಲಿನ ಕೆಂಪು ಗಾಢವಾಗಬೇಕು, ದೂರದ ಗುಡ್ಡ ಮಾಯವಾಗಬೇಕು. ಮಳೆ ನಿಂತರೂ ಮರದ ಹನಿ ನಿಲ್ಲದು ಅಂತಾರಲ್ಲ, ಅದನ್ನು ಹಾಗೇ ಮಾಡಿ: ಗೆರೆ ನಿಂತ ಮೇಲೂ ಮುಂದಿನ ಎರಡು ಶಾಟಿನಲ್ಲಿ ಎಲೆಯಿಂದ ದೊಡ್ಡ ಹನಿ ಬೀಳುತ್ತಿರಲಿ, ಜೊತೆಗೆ ಅದರ ಸದ್ದು.

ಮಳೆಯ ಸಣ್ಣ ಗೆರೆಗಳನ್ನು ವಿಡಿಯೋ ಕಂಪ್ರೆಷನ್ ನುಂಗಿ ಚೌಕ ಚೌಕ ಮಾಡುತ್ತದೆ. ಆ ಕಂತುಗಳನ್ನು 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ಲೆಕ್ಕದಲ್ಲಿ ತೆಗೆದು ಅಪ್‌ಲೋಡ್ ಮಾಡಿ.

ಮಾತಿನಜಗಲಿ (ಸಾಗರ):

ಅಪ್‌ಲೋಡ್ ಮಾತು ಬಂದದ್ದಕ್ಕೆ ಸೇರಿಸುತ್ತೇನೆ. ಯೂಟ್ಯೂಬಿನಲ್ಲಿ "ಮಕ್ಕಳಿಗಾಗಿ ಮಾಡಿದ್ದು" ಅಂತ ಗುರುತು ಹಾಕಲೇಬೇಕು, 2020ರ ಜನವರಿಯಿಂದ ಅದು ಕಡ್ಡಾಯ. ಹಾಕಿದ ಮೇಲೆ ಕಾಮೆಂಟು ಇರೋದಿಲ್ಲ, ಕೊನೆಯಲ್ಲಿ ಮುಂದಿನ ಕಂತಿನ ಚೌಕ ತೋರಿಸುವ ಎಂಡ್ ಸ್ಕ್ರೀನೂ ಬರೋದಿಲ್ಲ. ಹಾಗಾಗಿ "ಕೆಳಗೆ ಒತ್ತಿ" ಅಂತ ಪಾತ್ರದ ಬಾಯಲ್ಲಿ ಹೇಳಿಸಿದರೆ ಒತ್ತಲು ಅಲ್ಲಿ ಆ ಚೌಕ ಇರದು. ಎಲ್ಲ ಕಂತುಗಳನ್ನೂ ಒಂದು ಪ್ಲೇಲಿಸ್ಟಿಗೆ ಸೇರಿಸಿ, ಅದರ ಲಿಂಕನ್ನೇ ಶಾಲೆಗಳಿಗೆ, ಅಂಗನವಾಡಿಗಳಿಗೆ ಕಳಿಸಿ. ನೆಟ್‌ವರ್ಕ್ ಸಿಗದ ಊರುಗಳಿಗೆ ಪೆನ್‌ಡ್ರೈವಿನಲ್ಲಿ 720ರ ಪ್ರತಿಯನ್ನೂ ಕೊಡಿ, ಹಳೇ ಟಿವಿಯಲ್ಲಿ ಓಡಬೇಕಾದರೆ ಎಚ್.264 ಎಂಪಿ4 ಆಗಿರಲಿ.